ಹುಣಸೇದೊಡ್ಡಿ ಸೊಸೈಟಿಯಲ್ಲಿ ಜಾಗತಿಕ ನ್ಯಾಯ

ಹುಣಸೇದೊಡ್ಡಿ ಗ್ರಾಮದ ನ್ಯಾಯಬೆಲೆ ಅಂಗಡಿಯ ಮಾಲೀಕರಾದ ಶ್ರೀ ನಂಜಯ್ಯನವರು ಜಾಗತಿಕ ರಾಜಕೀಯ ಮತ್ತು ನ್ಯಾಯ ವಿಷಯಕ್ಕೆ ಸಂಬಂಧಿಸಿದಂತೆ ತಾಲ್ಲೂಕು ಮಟ್ಟದ ಸಕ್ಷಮ ಪ್ರಾಧಿಕಾರಿಯಾಗಿರುತ್ತಾರೆ. ಈ ನೇಮಕವು ಕ್ರಮಬದ್ಧವಾಗಿದ್ದು, ಇದರಲ್ಲಿ ಯಾರ ಕೈವಾಡವೂ ಇರುವುದಿಲ್ಲ. ನಂಜಯ್ಯನವರ ಕೈವಾಡವಂತೂ ಖಂಡಿತ ಇಲ್ಲ. ಇದಕ್ಕೆಲ್ಲ ಮೂಲವಾದ ಕಾಗದ ಬಂದಾಗ ಅವರು ಅಂಗಡಿಯ ಹಿಂದೆ ಕೂತು ಗೋಣಿಚೀಲಕ್ಕೆ ತೇಪೆ ಹಾಕುತ್ತಿದ್ದರು.

ಕಾಮಗೆರೆ ದಾಟಿ ಹನೂರಿನ ಕಡೆ ಹೋಗುವಾಗ ಬಲಕ್ಕೆ ತಿರುಗಿದರೆ ಹುಣಸೇದೊಡ್ಡಿ ಸಿಗುತ್ತದೆ. ನಂಜಯ್ಯನವರ ಅಂಗಡಿಯನ್ನು ಊರಿನವರು ಸೊಸೈಟಿ ಎನ್ನುತ್ತಾರೆ. ‘ನ್ಯಾಯಬೆಲೆ ಅಂಗಡಿ’ ಎಂಬ ಹೆಸರು ಬೋರ್ಡಿನ ಮೇಲಿತ್ತು, ಆದರೆ ಅದನ್ನು ಓದುವ ಅಗತ್ಯ ಯಾರಿಗೂ ಬಿದ್ದಿರಲಿಲ್ಲ. ಇಪ್ಪತ್ತೈದು ವರ್ಷದಿಂದ ನಂಜಯ್ಯನವರು ಅಲ್ಲಿ ಅಕ್ಕಿ, ರಾಗಿ ತೂಗುತ್ತಿದ್ದಾರೆ. ಹತ್ತು ಕೆಜಿಗೆ ಇನ್ನೂರು ಗ್ರಾಂ ಕಡಿಮೆ ತೂಗುತ್ತಾರೆ. ಈ ಇನ್ನೂರು ಗ್ರಾಮಿಗೆ ಅವರು ಇಟ್ಟ ಹೆಸರು ‘ಉದುರು’. ಲಾರಿಯಿಂದ ಇಳಿಸುವಾಗ ಒಸಿ ಉದುರುತ್ತದೆ, ಇಲಿ ಒಸಿ ತಿನ್ನುತ್ತದೆ, ಗಾಳಿಗೆ ಒಸಿ ಹಾರುತ್ತದೆ. ಉದುರಿದ್ದು, ತಿಂದದ್ದು, ಹಾರಿದ್ದು ಎಲ್ಲವೂ ಸಂಜೆಯ ಹೊತ್ತಿಗೆ ನಂಜಯ್ಯನವರ ಮನೆಯ ಪೀಪಾಯಿಗೆ ಬಂದು ಸೇರುತ್ತದೆ. ಊರಿಗೆ ಇದು ಗೊತ್ತು. ಯಾರೂ ಕೇಳುವುದಿಲ್ಲ. ಕೇಳಿದವರು ಎಬ್ಬೆಟ್ಟು ಒತ್ತುವಾಗ ಮಿಷಿನ್ನಿಗೆ ನೆಟ್‌ವರ್ಕ್ ಸಿಗುವುದಿಲ್ಲ.

ಇದು ಹೀಗಿರುವಾಗ ಹನೂರಿನ ಉಡುತೊರೆ ಪ್ರಥಮ ದರ್ಜೆ ಕಾಲೇಜಿನಲ್ಲಿ ‘ಜಾಗತಿಕ ರಾಜಕೀಯ ಮತ್ತು ನ್ಯಾಯ: ತತ್ತ್ವಶಾಸ್ತ್ರ ಹಾಗೂ ಬರವಣಿಗೆಯ ಮೂಲಕ ಅಧ್ಯಯನ’ ಎಂಬ ಹೊಸ ವಿಷಯ ಆರಂಭವಾಯಿತು. ಪ್ರಾಂಶುಪಾಲ ಶಿವಕುಮಾರಸ್ವಾಮಿಯವರು ಇದನ್ನು ಆರಿಸಲು ಬಲವಾದ ಕಾರಣವಿತ್ತು. ವಿಶ್ವವಿದ್ಯಾಲಯ ಕೊಟ್ಟಿದ್ದ ವಿಷಯಗಳ ಪೈಕಿ ‘ಯಾವುದೇ ಉಪಕರಣ ಬೇಕಾಗಿಲ್ಲ’ ಎಂದು ಬರೆದಿದ್ದದ್ದು ಇದೊಂದಕ್ಕೇ. ಕಲಿಸಲು ಯಳಂದೂರಿನಿಂದ ಯಶೋದ ಎಂಬ ಅತಿಥಿ ಉಪನ್ಯಾಸಕಿ ಬರುತ್ತಿದ್ದರು. ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿ ದಿನಾ ಬಂದು ಹೋಗುವ ಅವರನ್ನು ಕಾಲೇಜು ಎಂಟು ವರ್ಷದಿಂದ ಅತಿಥಿ ಎಂದೇ ಕರೆಯುತ್ತಿತ್ತು. ಅಷ್ಟು ದಿನ ಉಳಿದ ಅತಿಥಿ ಆ ಸೀಮೆಯಲ್ಲಿ ಬೇರೊಬ್ಬರಿಲ್ಲ.

ಯಶೋದ ಮೇಡಂ ನ್ಯಾಯದ ಬಗ್ಗೆ ತುಂಬ ಓದಿದವರು, ನಂಬಿದವರು. ಮಕ್ಕಳು ಗೈಡು ನೋಡಿ ಬರೆಯಬಾರದು ಎಂಬುದು ಅವರ ಹಟ. "ನ್ಯಾಯ ಅಂದ್ರೇನು ಅಂತ ಮೊದಲು ನೀವೇ ಯೋಚ್ನೆ ಮಾಡಿ ಬರೀರಿ. ಆಮೇಲೆ ಅದೇ ಪ್ರಶ್ನೆನ ಆಳೋರಿಗೂ ಕೇಳಿ. ಅವರ ಉತ್ತರ, ನಿಮ್ಮ ಉತ್ತರ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಣ," ಎಂದರು. ಹುಣಸೇದೊಡ್ಡಿಯಿಂದ ಬರುತ್ತಿದ್ದ ಸಿಂಧು ಎಂಬ ಹುಡುಗಿ ಎಂಟು ಪುಟ ಬರೆದಳು. ಆಮೇಲೆ ಒಂದು ಬಿಳಿ ಹಾಳೆಯಲ್ಲಿ ‘ನ್ಯಾಯ ಎಂದರೇನು? ಅದು ದೇಶದೇಶಗಳ ನಡುವೆ ಸರಿಯಾಗಿ ಹಂಚಿಕೆಯಾಗಿದೆಯೇ?’ ಎಂದು ಬರೆದು, ಕೊಳ್ಳೇಗಾಲದ ಅರ್ಜಿ ಸಮನ್ವಯ ಕೇಂದ್ರಕ್ಕೆ ಕೊಟ್ಟು ಬಂದಳು.

ಅರ್ಜಿ ಸಮನ್ವಯ ಕೇಂದ್ರದಲ್ಲಿ ಅರ್ಜಿಗಳನ್ನು ಓದುವ ಪದ್ಧತಿ ಇಲ್ಲ. ಓದಿದರೆ ಅಭಿಪ್ರಾಯ ಮೂಡುತ್ತದೆ, ಅಭಿಪ್ರಾಯ ಮೂಡಿದರೆ ಪಕ್ಷಪಾತವಾಗುತ್ತದೆ ಎಂದು ಅದರ ನಿಯಮಾವಳಿಯಲ್ಲಿ ಸ್ಪಷ್ಟವಾಗಿದೆ. ಆದ್ದರಿಂದ ವಿಷಯ ನಿರ್ವಾಹಕ ಮಹದೇವಪ್ರಸಾದ್ ಅವರು ಅರ್ಜಿಯಿಂದ ಒಂದು ಪದವನ್ನು ಮಾತ್ರ ಎತ್ತಿ ಕಂಪ್ಯೂಟರಿಗೆ ಕೊಡುತ್ತಾರೆ, ಅದು ತೋರಿಸಿದ ಕಡೆಗೆ ಅರ್ಜಿ ಹೋಗುತ್ತದೆ. ಅವರು ‘ನ್ಯಾಯ’ ಎಂದು ಒತ್ತಿದರು. ಆ ಪದದಿಂದ ಶುರುವಾಗುವ ಸಂಸ್ಥೆ ಕಂಪ್ಯೂಟರಿನಲ್ಲಿ ಇದ್ದದ್ದು ಒಂದೇ ಬಗೆಯದು, ಅರ್ಜಿದಾರಳ ಮನೆಗೆ ಹತ್ತಿರ ಇದ್ದದ್ದು ನಂಜಯ್ಯನವರದು.

ಹೀಗೆ ತೇಪೆ ಹಾಕುತ್ತಿದ್ದ ನಂಜಯ್ಯನವರ ಕೈಗೆ, ಅರ್ಜಿಯ ಮಾತನ್ನು ಕಂಪ್ಯೂಟರೇ ದಾಸ್ತಾನಿನ ನಮೂನೆಗೆ ಸೇರಿಸಿದ್ದ ಕಾಗದ ಬಂತು. ‘ತಮ್ಮ ಅಂಗಡಿಯಲ್ಲಿ ನ್ಯಾಯ ಎಂದರೇನು, ಎಷ್ಟು ದಾಸ್ತಾನಿದೆ, ದೇಶದೇಶಗಳ ನಡುವೆ ಯಾವ ಪ್ರಮಾಣದಲ್ಲಿ ಹಂಚಲಾಗಿದೆ ಎಂಬ ವಿವರವನ್ನು ಒಂದು ವಾರದೊಳಗೆ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಪರವಾನಗಿ ರದ್ದುಪಡಿಸಲಾಗುವುದು.’

ನಂಜಯ್ಯನವರ ಕಣ್ಣಿಗೆ ಬಿದ್ದದ್ದು ‘ನ್ಯಾಯ’, ‘ದಾಸ್ತಾನು’, ‘ರದ್ದು’ ಎಂಬ ಮೂರು ಪದ. ಉದುರಿನ ಸಂಗತಿ ಮೇಲಕ್ಕೆ ಹೋಗಿದೆ ಎಂದು ಅವರಿಗೆ ಖಾತ್ರಿಯಾಯಿತು. ಹೆಂಡತಿ ಕೆಂಪಾಜಮ್ಮನಿಗೆ ಪೀಪಾಯಿ ಮೇಲೆ ಹಾಸಿಗೆ ಸುತ್ತಿಡಲು ಹೇಳಿ, ಸಿಕ್ಕಿದ ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಹೋದರು.

"ಸಾ, ನನ್ತವು ಅಕ್ಕಿ ಅದೆ, ರಾಗಿ ಅದೆ. ನ್ಯಾಯ ಒಂದ್ ದಿನ್ವೂ ಲೋಡ್ ಬಂದಿಲ್ಲ ಕಣ್ ಸಾ," ಎಂದು ಮಹದೇವಪ್ರಸಾದ್ ಅವರ ಮುಂದೆ ಕೈಕಟ್ಟಿ ನಿಂತರು.

"ನಿಮ್ಮ ಅಂಗಡಿ ಬೋರ್ಡಿನ ಮೇಲೆ ಏನಂತ ಬರ್ದದೆ?"

"ನ್ಯಾಯಬೆಲೆ ಅಂಗಡಿ ಅಂತ."

"ಜನರ ಹತ್ರ ಬೆಲೆ ತಗೊಂಡಿದ್ದೀರಾ?"

"ಮೊದ್ಲು ತಕತಿದ್ವಿ ಸಾ. ಈಗ ಪುಕ್ಸಟ್ಟೆ."

"ಬೆಲೆ ಬಂದದೆ ಅಂದಂಗಾಯ್ತು. ನ್ಯಾಯ ಏನ್ ಮಾಡಿದ್ರಿ?"

ಈ ಪ್ರಶ್ನೆಯನ್ನು ನಂಜಯ್ಯನವರಿಗೆ ಇದುವರೆಗೆ ಯಾರೂ ಕೇಳಿರಲಿಲ್ಲ. ಅವರು ಸ್ವಲ್ಪ ಹೊತ್ತು ಫ್ಯಾನು ನೋಡಿ, "ಖಾಲಿ ಅಂತ ಬರ್ಕಳಿ ಸಾ," ಎಂದರು.

"ಖಾಲಿ ಅಂದ್ರೆ ಇಪ್ಪತ್ತೈದು ವರ್ಷದ್ದು ಯಾರಿಗೆ ಮಾರಿದ್ರಿ ಅಂತ ಕೇಳ್ತಾರೆ. ಕಾಳಸಂತೆ ಕೇಸಾಗ್ತದೆ."

"ಅದೆ ಅಂದ್ರೆ?"

"ಹಂಚಬೇಕಾಗ್ತದೆ."

ನಂಜಯ್ಯನವರು ಜೀವಮಾನವೆಲ್ಲ ತೂಗಿದವರು. ಇದನ್ನೂ ತೂಗಿ ನೋಡಿ ಹೇಳಿದರು: "ಸ್ವಲ್ಪ ಅದೆ ಅಂತ ಬರ್ಕಳಿ."

ಇನ್ನು ನ್ಯಾಯ ಎಂದರೇನು ಎಂಬುದಕ್ಕೆ ಉತ್ತರ ಬರೆಯಬೇಕಿತ್ತು. ಮನೆಗೆ ಬಂದು ಕೆಂಪಾಜಮ್ಮನನ್ನು ಕೇಳಿದರು. ಆಕೆ ಸೊಪ್ಪು ಬಿಡಿಸುತ್ತಿದ್ದರು. ತಲೆ ಎತ್ತದೆ, "ಸಾಲ್ನಲ್ಲಿ ನಿಂತೋರ್ಗೆ ಸಿಕ್ಕದು. ಜಗಳ ಕಾಯೋರ್ಗೆ ಕೊನ್ಗೆ. ಅದ್ರಲ್ ಇನ್ಯಾನ ಅದೆ," ಎಂದರು. ನಂಜಯ್ಯನವರು ಅದನ್ನೇ ಶುದ್ಧ ಭಾಷೆಗೆ ತಂದರು: ‘ನ್ಯಾಯ ಎಂದರೆ ಸಾಲಿನಲ್ಲಿ ನಿಂತವರಿಗೆ ಸಿಗುವ ವಸ್ತು. ಜಗಳವಾಡುವ ದೇಶಗಳಿಗೆ ಕೊನೆಯಲ್ಲಿ ಕೊಡಲಾಗುವುದು. ದಾಸ್ತಾನು: ಸ್ವಲ್ಪ.’

ಕೇಂದ್ರ ಶುರುವಾದಾಗಿನಿಂದ ಗಡುವಿನೊಳಗೆ ಉತ್ತರ ಬಂದ ಮೊದಲ ಅರ್ಜಿ ಅದು. ಮೇಲಿನವರು ಮೆಚ್ಚಿದರು. ಇನ್ನು ಮುಂದೆ ನ್ಯಾಯ ಎಂಬ ಪದವಿರುವ ಸಕಲ ಅರ್ಜಿಗಳನ್ನೂ, ಅವು ಊರಿನವಾಗಲಿ ಲೋಕದವಾಗಲಿ, ಹುಣಸೇದೊಡ್ಡಿಗೇ ಕಳುಹಿಸತಕ್ಕದ್ದು ಎಂಬ ಆದೇಶ ಹೊರಬಿತ್ತು. ನಂಜಯ್ಯನವರಿಗೆ ಒಂದು ರಬ್ಬರ್ ಸ್ಟಾಂಪು ಬಂತು. ಅದರಲ್ಲಿ ಭೂಗೋಳದ ಚಿತ್ರವಿತ್ತು, ಕೆಳಗೆ ‘ಮಂಗಳವಾರ ರಜೆ’ ಎಂದಿತ್ತು.

ಅವರು ಅಂಗಡಿಯನ್ನು ಅದಕ್ಕೆ ತಕ್ಕಂತೆ ಮಾಡಿಕೊಂಡರು. ಎಡಕ್ಕೆ ಅಕ್ಕಿ, ಬಲಕ್ಕೆ ನ್ಯಾಯ. ಎರಡಕ್ಕೂ ಒಂದೇ ಸಾಲು, ಒಂದೇ ಎಬ್ಬೆಟ್ಟು. ಕಾರ್ಡು ತರದವರಿಗೆ ಎರಡೂ ಇಲ್ಲ.

ಕೌದಳ್ಳಿಯಿಂದ ಪುಟ್ಟಬಸಮ್ಮ ಎಂಬಾಕೆ ಸುದ್ದಿ ಕೇಳಿ ಬಂದರು. ಪಕ್ಕದ ಮನೆಯ ಕೋಳಿ ಇವರ ಹುಲ್ಲಿನ ಮೆದೆಯಲ್ಲಿ ಮೊಟ್ಟೆ ಇಟ್ಟಿತ್ತು. ಕೋಳಿ ಅವರದು, ಮೆದೆ ಇವರದು. ನಂಜಯ್ಯನವರು ಮೊಟ್ಟೆಯ ಬುಟ್ಟಿಯನ್ನು ತರಿಸಿ ಆ ಮನೆಗೆ ನಾಲ್ಕು, ಈ ಮನೆಗೆ ನಾಲ್ಕು ಎಂದು ಎಣಿಸಿ ಕೊಟ್ಟು, ಉಳಿದೆರಡನ್ನು ತಮ್ಮ ಪಕ್ಕಕ್ಕೆ ಇಟ್ಟುಕೊಂಡರು.

"ಅವ್ಯಾನ?" ಎಂದರು ಪುಟ್ಟಬಸಮ್ಮ.

"ಉದುರು."

"ಮೊಟ್ಟೆ ಎಲ್ಲಾರ ಉದುರ್ತದಾ ನಂಜಯ್ಯಾ?"

"ಮೊಟ್ಟೆ ಉದ್ರಲ್ಲ ಕಣವ್ವ. ನ್ಯಾಯ ಇಳಿಸ್ಬೇಕಾರೆ ಒಸಿ ಉದುರ್ತದೆ."

ಪುಟ್ಟಬಸಮ್ಮ ಯೋಚಿಸಿ, ಹೌದಿರಬಹುದು ಎಂದು ನಾಲ್ಕು ಮೊಟ್ಟೆ ಸೆರಗಿಗೆ ಕಟ್ಟಿಕೊಂಡರು. ಬೇರೆ ಕಡೆಗೆ ಹೋಗಿದ್ದರೆ ಕೋಳಿಯೂ ಉದುರುತ್ತಿತ್ತು ಎಂದು ಬಸ್ಸಿನಲ್ಲಿ ಹೇಳಿಕೊಂಡು ಹೋದರಂತೆ.

ಯಶೋದ ಮೇಡಂ ಅವರ ಉಳಿದ ವಿದ್ಯಾರ್ಥಿಗಳ ಪ್ರಶ್ನೆಗಳೂ ಒಂದೊಂದಾಗಿ ಬರತೊಡಗಿದವು. ಒಂದು ದೇಶವು ಕೆಳಗಿನ ದೇಶಕ್ಕೆ ಹರಿಯುವ ನದಿಗೆ ಅಡ್ಡಕಟ್ಟೆ ಕಟ್ಟಿದರೆ ಅದು ನ್ಯಾಯವೇ ಎಂದು ಮಾದೇಶ್ ಎಂಬ ಹುಡುಗ ಕೇಳಿದ್ದ. ನಂಜಯ್ಯನವರು ಆದೇಶ ಬರೆದರು: ‘ಎರಡೂ ದೇಶಗಳು ಮೂಲ ಕಾರ್ಡಿನೊಂದಿಗೆ ಖುದ್ದಾಗಿ ಹಾಜರಾಗತಕ್ಕದ್ದು. ಗೈರುಹಾಜರಾದ ದೇಶವನ್ನು ತೆಗೆದುಹಾಕಲಾಗುವುದು.’ ಕೊಟ್ಟ ಅವಕಾಶಗಳೆಲ್ಲ ಮುಗಿದರೂ ಎರಡೂ ದೇಶಗಳು ಬರಲಿಲ್ಲ. ಆದೇಶದ ಪ್ರತಿ ಕಾಲೇಜಿಗೆ ಹೋಯಿತು. ಶಿವಕುಮಾರಸ್ವಾಮಿಯವರು ಗೋಡೆಯ ಭೂಪಟದಲ್ಲಿ ಅಂಥ ಎರಡು ದೇಶಗಳನ್ನು ಹುಡುಕಿ ಸುಣ್ಣ ಬಳಿಸಿದರು.

ಒಂದು ಬೆಳಿಗ್ಗೆ ಒಡೆಯರಪಾಳ್ಯದ ಟಿಬೆಟನ್ ಹಿರಿಯರೊಬ್ಬರು ಬಂದರು. ಮೆಕ್ಕೆಜೋಳ ಬೆಳೆಯುವವರು, ಕನ್ನಡ ಈ ಸೀಮೆಯದೇ. ಸಾಲಿನಲ್ಲಿ ನಿಂತು, ಅವರ ಸರದಿ ಬಂದ ಮೇಲೆ, "ನಮ್ ದೇಸದ ವಿಸ್ಯ ಒಂದದೆ," ಎಂದರು.

"ಕಾರ್ಡು ತಂದಿದ್ದೀರಾ?"

"ಆ ದೇಸದ್ದು ಇಲ್ಲ."

"ಅಡ್ರೆಸ್ಸಿಗೆ ಏನಾರ ಅದಾ?"

"ಅಡ್ರೆಸ್ಸಿನ ವಿಸ್ಯವೇ ಅದು," ಎಂದು ಹಿರಿಯರು ನಕ್ಕರು. ನಂಜಯ್ಯನವರಿಗೆ ಯಾವ ನಿಯಮವೂ ನೆನಪಾಗಲಿಲ್ಲ. ಸ್ಟೂಲು ಕೊಟ್ಟು ಟೀ ತರಿಸಿದರು. ಹಿರಿಯರು ಟೀ ಕುಡಿದು, "ಐವತ್ತು ವರ್ಸದಿಂದ ಸಾಲ್ನಲ್ಲೇ ಇದೀವಿ. ಇನ್ನೊಸಿ ನಿಲ್ತೀವಿ," ಎಂದು ಎದ್ದು ಹೋದರು. ಅವರು ಹೋದ ಮೇಲೆ ನಂಜಯ್ಯನವರಿಗೆ ಮಧ್ಯಾಹ್ನದವರೆಗೂ ಉದುರು ಹಿಡಿಯುವುದು ಮರೆತುಹೋಯಿತು. ಮಾರನೆಯ ದಿನ ಅದನ್ನು ಸರಿಪಡಿಸಿಕೊಂಡರು.

ಕಾಲೇಜಿನಲ್ಲಿ ಈ ನಡುವೆ ಆಂತರಿಕ ಅಂಕ ಕೊಡುವ ಕಾಲ ಬಂತು. ಮೊಹರು ಬಿದ್ದ ಸರ್ಕಾರಿ ಉತ್ತರ ಲಭ್ಯವಿರುವಾಗ ವಿದ್ಯಾರ್ಥಿಗಳು ತಾವೇ ಯೋಚಿಸುವುದು ಅಶಿಸ್ತು ಎಂದು ಪ್ರಾಂಶುಪಾಲರು ಸೂಚನಾ ಫಲಕದಲ್ಲಿ ಹಾಕಿಸಿದರು. ನಂಜಯ್ಯನವರ ಉತ್ತರವನ್ನು ಇದ್ದಂತೆ ನಕಲು ಮಾಡಿದ ಮಾದೇಶನಿಗೆ ಪೂರ್ತಿ ಅಂಕ ಬಂತು. ಎಂಟು ಪುಟ ಬರೆದ ಸಿಂಧುವಿಗೆ ಸೊನ್ನೆ ಬಂತು. ಆ ಸೊನ್ನೆ ಉಳಿದರೆ ಅವಳು ಮುಂದೆ ಎಂ.ಎ.ಗೆ ಅರ್ಜಿ ಹಾಕುವಂತಿರಲಿಲ್ಲ. ಯಶೋದ ಮೇಡಂ ಪ್ರಾಂಶುಪಾಲರ ಜೊತೆ ವಾದ ಮಾಡಿದರು. ಅತಿಥಿಗಳು ವಾದ ಮಾಡುವುದು ಸಂಪ್ರದಾಯವಲ್ಲ ಎಂದು ಅವರು ನೆನಪಿಸಿದರು. ಕೊನೆಗೆ ಮೇಡಂ ಸಿಂಧುವನ್ನು ಕರೆದುಕೊಂಡು ನೇರ ಸೊಸೈಟಿಗೇ ಬಂದರು.

"ನಂಜಯ್ಯನೋರೆ, ನ್ಯಾಯ ಅಂದ್ರೇನು ಅನ್ನೋದು ಎರಡು ಸಾವಿರ ವರ್ಷದಿಂದ ಲೋಕದ ಜನ ತಲೆ ಕೆಡಿಸ್ಕೊಂಡಿರೋ ಪ್ರಶ್ನೆ. ಈ ಹುಡುಗಿ ಕಷ್ಟಪಟ್ಟು ಯೋಚಿಸಿದಾಳೆ. ನಿಮ್ಮ ಉತ್ತರ ವಾಪಸ್ ತಗೊಳಿ," ಎಂದರು.

ನಂಜಯ್ಯನವರು ಎಲೆಕ್ಟ್ರಾನಿಕ್ ತಕ್ಕಡಿಯಿಂದ ಕೈ ತೆಗೆಯದೆ, ಗೌರವದಿಂದಲೇ ಹೇಳಿದರು: "ಎರಡು ಸಾವ್ರ ವರ್ಸ ಪೆಂಡಿಂಗ್ ಇದ್ದಿದ್ನ ನಾನು ಒಂದ್ ವಾರ್ದಲ್ಲಿ ಮುಗ್ಸಿವ್ನಿ ಮೇಡಮ್ಮೋರೆ. ಈಗ ತೆಗ್ದ್ರೆ ಮತ್ತೆ ಪೆಂಡಿಂಗ್ ಆಯ್ತದೆ."

ಸಿಂಧು ತಕ್ಕಡಿ ನೋಡುತ್ತಿದ್ದಳು. ಒಬ್ಬ ಮುದುಕಿಯ ಚೀಲ ತಕ್ಕಡಿಯ ಮೇಲಿತ್ತು. ಚಿಕ್ಕಂದಿನಿಂದ ಅವಳು ಆ ತಕ್ಕಡಿಯನ್ನು ನೋಡಿದ್ದಳು. ಅಂದು ಅದರ ಮೇಲಿನ ಅಂಕಿಯನ್ನು ಓದಿದಳು.

ಮುಂದಿನ ವಾರ ನಂಜಯ್ಯನವರಿಗೆ ಬಂದ ಅರ್ಜಿಯಲ್ಲಿ ಒಂದೇ ಸಾಲಿತ್ತು: ‘ಹುಣಸೇದೊಡ್ಡಿ ಅಂಗಡಿಯಲ್ಲಿ ಹತ್ತು ಕೆಜಿ ಎಂದು ಹೇಳಿ ಒಂಬತ್ತು ಕೆಜಿ ಎಂಟುನೂರು ಗ್ರಾಂ ಕೊಡುವುದು ನ್ಯಾಯವೇ?’ ಕೆಳಗೆ ಸಿಂಧುವಿನ ಸಹಿ ಇತ್ತು.

ನಂಜಯ್ಯನವರು ಮತ್ತೆ ಕೊಳ್ಳೇಗಾಲದ ಬಸ್ಸು ಹತ್ತಿದರು.

"ಸಾ, ಇದು ನನ್ ಮೇಲೇ ಬಂದದೆ."

"ನಿಮ್ಮ ಮೇಲೆ ಬಂದಿಲ್ಲ, ನಿಮಗೆ ಬಂದದೆ," ಎಂದು ಮಹದೇವಪ್ರಸಾದ್ ತಿದ್ದಿದರು. "ಯಾರ ಮೇಲೆ ಅನ್ನೋದನ್ನ ನಾವು ಓದಲ್ಲ."

"ಬ್ಯಾರೆ ಯಾರ್ಗಾರ ಕಳ್ಸಿ ಸಾ."

"ಬೇರೆ ಯಾರ ಹತ್ರನೂ ದಾಸ್ತಾನಿಲ್ಲ ಅಂತ ಮೇಲಕ್ಕೆ ಬರ್ದಾಗಿದೆ. ವಿಚಾರಣೆ ಮಾಡಿ. ಸಕ್ಷಮ ಪ್ರಾಧಿಕಾರಿ ಇದ್ದಾರೆ, ಆರೋಪಿಯೂ ಅಲ್ಲೇ ಸಿಗ್ತಾರೆ. ಇಷ್ಟು ಅನುಕೂಲ ಬೇರೆ ಕೇಸಲ್ಲಿ ಇರಲ್ಲ."

ಆ ದಿನ ನಂಜಯ್ಯನವರಿಗೆ ಊಟ ಸೇರಲಿಲ್ಲ. ಕೆಂಪಾಜಮ್ಮ, "ತೆಪ್ಪಾಯ್ತು ಅನ್ನಿ, ಇನ್ಮ್ಯಾಕೆ ಸರ್ಯಾಗ್ ತೂಗಿ, ಮುಗುದೋಯ್ತದೆ," ಎಂದರು. ಅಷ್ಟು ಸುಲಭದ ದಾರಿಯನ್ನು ಕಂಡು ನಂಜಯ್ಯನವರಿಗೆ ಇನ್ನೂ ಗಾಬರಿಯಾಯಿತು. ಅವರು ಹೆಂಡತಿಯ ಮಾತಿಗೆ ತಲೆ ಆಡಿಸಿ, ಇದುವರೆಗೆ ತಮಗೆ ಬಂದ ಸುತ್ತೋಲೆಗಳನ್ನೆಲ್ಲ ಹರಡಿಕೊಂಡು ಓದಲು ಕೂತರು.

ವಿಚಾರಣೆಯ ದಿನ ಊರೇ ಸೊಸೈಟಿಯ ಮುಂದೆ ಸೇರಿತು. ಪುಟ್ಟಬಸಮ್ಮ ಕೌದಳ್ಳಿಯಿಂದ ಬಂದು ಮುಂದಿನ ಸಾಲಿನಲ್ಲಿ ಕೂತರು. ಯಶೋದ ಮೇಡಂ, ಸಿಂಧು ಹುಣಸೇಮರದ ಕೆಳಗೆ ನಿಂತರು. ನಂಜಯ್ಯನವರು ತಕ್ಕಡಿಯ ಹಿಂದೆ ಕೂತು ಗಂಟಲು ಸರಿಪಡಿಸಿಕೊಂಡರು.

"ನಂಜಯ್ಯ, ನೀನು ಕಡ್ಮೆ ತೂಗ್ದಾ?"

ತಾವೇ ಎದ್ದು, ಸುತ್ತಿ ಬಳಸಿ ತಕ್ಕಡಿಯ ಮುಂದೆ ಬಂದು ನಿಂತು, ಟವೆಲ್ಲು ಹೆಗಲಿನಿಂದ ಕಂಕುಳಿಗೆ ಇಳಿಸಿ ಹೇಳಿದರು: "ತೂಗ್ದೆ ಸಾ."

ಹಿಂದಕ್ಕೆ ಹೋಗಿ ಕೂತರು. "ಯಾಕೆ?"

ಮುಂದಕ್ಕೆ ಬಂದರು. "ಉದುರ್ತದೆ ಸಾ."

ಹಿಂದೆ ಕೂತು, ಟವೆಲ್ಲು ಮತ್ತೆ ಹೆಗಲಿಗೆ ಹಾಕಿಕೊಂಡು ಕೇಳಿದರು: "ಉದ್ರಿದ್ನ ಯಾರ್ ತಕಂಡ್ರು?"

ಈ ಸಲ ಮುಂದೆ ಬರಲು ತಡವಾಯಿತು. ಬಂದವರು ಕೆಂಪಾಜಮ್ಮನ ಕಡೆ ನೋಡಿದರು. ಆಕೆ ನೆಲ ನೋಡುತ್ತಿದ್ದರು. "ನಾನೇ ಸಾ," ಎಂದರು. ಹಿಂದಿನಿಂದ ಯಾರೋ ಕೇಳಿಸಲಿಲ್ಲ ಎಂದರು. "ನಾನೇ ತಕಂಡೆ," ಎಂದು ಇನ್ನೊಮ್ಮೆ ಹೇಳಿದರು. ಇಪ್ಪತ್ತೈದು ವರ್ಷ ಎಲ್ಲರಿಗೂ ಗೊತ್ತಿದ್ದ ಮಾತು, ಬಾಯಿಬಿಟ್ಟು ಹೇಳಿದ್ದು ಅಂದೇ ಮೊದಲು. ನಂಜಯ್ಯನವರ ಕಣ್ಣು ಒದ್ದೆಯಾಯಿತು. ಎದೆಯ ಮೇಲಿನ ಮೂಟೆ ಇಳಿದಂತೆ ಹಗುರವಾಯಿತು. ಆ ಹಗುರದಲ್ಲೇ ಹಿಂದಕ್ಕೆ ಹೋಗಿ ಕೂತು, ಬರೆದಿಟ್ಟಿದ್ದ ತೀರ್ಪನ್ನು ಓದಿದರು.

‘ಹತ್ತು ಕೆಜಿ ಎಂದು ಹೇಳಿ ಅದಕ್ಕಿಂತ ಕಡಿಮೆ ಕೊಡುವುದು ಅನ್ಯಾಯವಾಗಿರುತ್ತದೆ. ಉದುರು ಪದ್ಧತಿಯನ್ನು ಈ ಕ್ಷಣದಿಂದ ರದ್ದುಪಡಿಸಲಾಗಿದೆ. ಇನ್ನು ಮುಂದೆ ಯಾರಿಗೂ ಹತ್ತು ಕೆಜಿಗಿಂತ ಒಂದು ಕಾಳೂ ಕಡಿಮೆ ಕೊಡತಕ್ಕದ್ದಲ್ಲ.’

ಜನ ಸಮಾಧಾನದಿಂದ ಗುಜುಗುಜು ಮಾಡಿದರು. ಹುಣಸೇಮರದ ಕೆಳಗೆ ಯಶೋದ ಮೇಡಂ ಸಿಂಧುವಿನ ಕೈ ಹಿಡಿದರು. ನಂಜಯ್ಯನವರು ಹಾಳೆ ಮಗುಚಿದರು.

‘ಈ ಆದೇಶದಲ್ಲಿ ಹತ್ತು ಕೆಜಿ ಎಂದು ಇರುವುದನ್ನು ಒಂಬತ್ತು ಕೆಜಿ ಎಂಟುನೂರು ಗ್ರಾಂ ಎಂದು ಓದಿಕೊಳ್ಳತಕ್ಕದ್ದು.’

ಪುಟ್ಟಬಸಮ್ಮ ಕೇಳಿದರು: "ಅಂಗಾರೆ ಇನ್ಮ್ಯಾಕೆ ಉದುರು ಇಲ್ವಾ?"

"ಒಂದ್ ಕಾಳೂ ಇಲ್ಲ ಕಣವ್ವ."

"ಮತ್ತೆ ಸರಿ," ಎಂದರು ಪುಟ್ಟಬಸಮ್ಮ. ಜನ ಚಪ್ಪಾಳೆ ತಟ್ಟಿದರು. ತಪ್ಪು ಒಪ್ಪಿಕೊಂಡು ತಿದ್ದಿಕೊಂಡ ಡೀಲರನ್ನು ಇದೇ ಮೊದಲು ಕಂಡದ್ದು ಎಂದು ಊರಿನ ಹಿರಿಯರು ಹಾರ ತರಿಸಿದರು.

ತೀರ್ಪಿನ ಕೀರ್ತಿ ಬಲು ಬೇಗ ಹರಡಿತು. ಏನನ್ನೂ ಬದಲಿಸದೆ ಎಲ್ಲವನ್ನೂ ಸರಿಪಡಿಸುವ ಈ ವಿಧಾನವನ್ನು ಅರ್ಜಿ ಸಮನ್ವಯ ಕೇಂದ್ರವು ಮಾದರಿಯೆಂದು ಘೋಷಿಸಿತು. ಅಲ್ಲಿ ಉಳಿದಿದ್ದ ಅರ್ಜಿಗಳನ್ನು ‘ವಿಲೇವಾರಿಯಾದವು’ ಎಂದು ಓದಿಕೊಂಡದ್ದರಿಂದ ಕಪಾಟುಗಳು ಖಾಲಿಯಾದವು. ಕಾಲೇಜಿನ ಭೂಪಟದಲ್ಲಿ ಸುಣ್ಣ ಬಳಿದಿದ್ದ ಎರಡು ದೇಶಗಳನ್ನು ಸಮುದ್ರ ಎಂದು ಓದಿಕೊಳ್ಳುವಂತೆ ಸೂಚನೆ ಬಂದು, ಹುಡುಗಿಯರು ನೀಲಿ ಬಣ್ಣ ತುಂಬಿದರು. ಯಶೋದ ಮೇಡಂ ಅವರ ವಿಷಯದಲ್ಲಿ ‘ಅತಿಥಿ’ ಎಂಬುದನ್ನು ‘ಕಾಯಂ’ ಎಂದು ಓದಿಕೊಳ್ಳಲು ಆಡಳಿತ ಮಂಡಳಿ ಒಪ್ಪಿತು, ಸಂಬಳವನ್ನು ಮಾತ್ರ ಮೊದಲು ಓದುತ್ತಿದ್ದಂತೆಯೇ ಓದಬೇಕೆಂದಿತು. ಮೇಡಂ ಮೂರು ದಿನ ರಜೆ ಹಾಕಿ ಯಳಂದೂರಿನ ಮನೆಯಲ್ಲಿ ಕೂತು, ರಾಜೀನಾಮೆ ಬರೆದು ತಂದರು. ಶಿವಕುಮಾರಸ್ವಾಮಿಯವರು ಅದನ್ನು ರಜಾ ಅರ್ಜಿ ಎಂದು ಓದಿಕೊಂಡು ಮಂಜೂರು ಮಾಡಿದರು. ಮೇಡಂ ಆ ವರ್ಷದ ಪಾಠ ಮುಂದುವರಿಸಿದರು.

ಸಿಂಧುವಿನ ಸೊನ್ನೆಯನ್ನು ಎಪ್ಪತ್ತೆರಡು ಎಂದು ಓದಿಕೊಳ್ಳಲಾಯಿತು. ಎಂಟು ಪುಟವನ್ನು ಯಾರಾದರೂ ಓದಿದರೇ ಎಂದು ಅವಳು ಕೇಳಿದಳು. ಓದಿಕೊಳ್ಳಲಾಗಿದೆ ಎಂದು ಕಚೇರಿಯವರು ಹೇಳಿದರು. ಅವಳು ಎಂ.ಎ.ಗೆ ಅರ್ಜಿ ಹಾಕಿದಳು, ಸೀಟೂ ಸಿಕ್ಕಿತು.

ಊರು ಬಿಡುವ ಮುಂಚೆ ಅವಳು ಮನೆಯ ಅಕ್ಕಿಗೆಂದು ಸೊಸೈಟಿಗೆ ಬಂದಳು. ಸಾಲಿನಲ್ಲಿ ನಿಂತು, ಸರದಿ ಬಂದ ಮೇಲೆ ಎಬ್ಬೆಟ್ಟು ಒತ್ತಿದಳು. ನೆಟ್‌ವರ್ಕ್ ತಕ್ಷಣ ಸಿಕ್ಕಿತು. ನಂಜಯ್ಯನವರು ಅವಳ ಪಾಲಿನ ಅಕ್ಕಿ ಸುರಿದು, ತಕ್ಕಡಿಯ ಅಂಕಿ ಅವಳಿಗೆ ಕಾಣುವಂತೆ ತಿರುಗಿಸಿದರು. ಒಂಬತ್ತು ಕೆಜಿ ಏಳುನೂರ ತೊಂಬತ್ತು ಗ್ರಾಂ ಎಂದು ತೋರಿಸುತ್ತಿತ್ತು. ತೀರ್ಪಾದ ಮೇಲೆ ನಂಜಯ್ಯನವರಿಗೆ ಒಂದು ಗ್ರಾಂ ಹೆಚ್ಚುಕಮ್ಮಿಯಾದರೂ ಮನಸ್ಸಿಗೆ ಹಿಂಸೆ. ಪಕ್ಕದ ಮೂಟೆಯಿಂದ ಚಿಟಿಕೆ ಅಕ್ಕಿ ತೆಗೆದು, ಕಾಳು ಕಾಳಾಗಿ ಉದುರಿಸುತ್ತ ಎಂಟುನೂರಕ್ಕೆ ತಂದು ನಿಲ್ಲಿಸಿದರು.

"ನೋಡ್ಕಳವ್ವ, ಸರಿ ಅದಾ?"

ಸಿಂಧು ಅಂಕಿಯನ್ನು ನೋಡಿದಳು. ಹಿಂದೆ ಸಾಲು ಉದ್ದವಿತ್ತು, ಬಿಸಿಲು ಏರಿತ್ತು.

"ಹತ್ತು ಸರ್ಯಾಗ್ ಅದೆ ಮಾವ," ಎಂದು ಚೀಲ ಎತ್ತಿ ಸೊಂಟಕ್ಕಿಟ್ಟುಕೊಂಡು ಮನೆಯ ದಾರಿ ಹಿಡಿದಳು.